ಗ್ರೀಕ್ ಹುಡುಗಿಗೆ ನಾನಿಟ್ಟ ಬಾಯಿ

ಲಂಡನ್ನಿನ ಈಸ್ಟ್ ಹ್ಯಾಮಿನ ಹೋಟೆಲೊಂದರಲ್ಲಿ ನಮ್ಮ ಕನ್ನಡದವರು ಆಗಾಗ ಊಟಕ್ಕೆ ಸೇರುವುದುಂಟು. ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ ಊರು ಯಾವುದು, ಎರಡನೆಯದು ಕೆಲಸ ಎಲ್ಲಿ. "ಗ್ರೀಕ್ ವಿಗ್ರಹಗಳನ್ನು ನೋಡಿಕೊಳ್ಳುತ್ತಿದ್ದೆ, ಈಗ ರಿಟೈರ್ಡ್" ಎಂದು ನಾನು ಹೇಳಿದರೆ ಎದುರಿನವರ ಕೈಯ ದೋಸೆ ಅರ್ಧದಲ್ಲೇ ನಿಲ್ಲುತ್ತದೆ. ದೊಡ್ಡ ವಿದ್ವಾಂಸನಿರಬೇಕು ಎಂದು ಕುರ್ಚಿ ಸರಿಸಿ ಕೊಡುತ್ತಾರೆ. ವಿಗ್ರಹ ಎಂದರೆ ಪ್ಲಾಸ್ಟರಿನದು, ನೋಡಿಕೊಳ್ಳುವುದು ಎಂದರೆ ಧೂಳು ತೆಗೆಯುವುದು, ಹೊರುವುದು, ಒಡೆದರೆ ಅಂಟಿಸುವುದು ಎಂದು ವಿವರಿಸಿದ ಮೇಲೆ ಕುರ್ಚಿ ಮೆಲ್ಲನೆ ತನ್ನ ಹಳೆಯ ಜಾಗಕ್ಕೆ ಹೋಗುತ್ತದೆ.

ಕಳೆದ ಸಲ ಹಾಗಾಗಲಿಲ್ಲ. ಮ್ಯೂಸಿಯಂ ಕೆಲಸಕ್ಕೆ ಸೇರಬೇಕೆಂದಿದ್ದ ಇಬ್ಬರು ನನ್ನನ್ನು ಪಾಯಸ ಆರುವವರೆಗೂ ಬಿಡಲಿಲ್ಲ. "ಒಳಗಡೆ ನಿಜವಾಗಿ ಹೇಗಿರತ್ತೆ, ಬರೆದು ಕೊಡಿ ಅಂಕಲ್" ಎಂದರು. ಅವರಿಗಾಗಿ ಬರೆಯುತ್ತಿದ್ದೇನೆ. ನನಗೆ ಎರಡು ಬಾರಿ ಬಡ್ತಿ ಸಿಕ್ಕಿತು, ಆ ವಿಷಯ ಇಲ್ಲಿಗೇ ಮುಗಿಯಿತು. ಹೇಳಬೇಕಾದದ್ದು ನಾನು ಮಾಡಿದ ಒಂದು ತಪ್ಪನ್ನು. ಅದು ಹದಿನೆಂಟು ವರ್ಷ ಒಬ್ಬ ಗ್ರೀಕ್ ಹುಡುಗಿಯ ಮುಖದಲ್ಲಿ, ಎಲ್ಲರ ಕಣ್ಣೆದುರೇ ಇತ್ತು. ನಾನು ಬಾಯಿ ಬಿಡದೆ ನಿವೃತ್ತನಾಗಿದ್ದರೆ ಇನ್ನೊಬ್ಬರ ಮೂರು ವರ್ಷದ ಓದು ನನ್ನ ಸುಳ್ಳಿನ ಮೇಲೆ ನಿಲ್ಲುತ್ತಿತ್ತು. ಅಲ್ಲಿಗೆ ಬರುವ ಮೊದಲು ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು.

ನಾನು ಇದ್ದದ್ದು ಲಂಡನ್ನಿನ ನಡುಭಾಗದ ಒಂದು ಕಾಲೇಜಿನಲ್ಲಿ. ಹೆಸರು ಬೇಡ. ಅದರ ನೆಲಮಾಳಿಗೆಯಲ್ಲಿ ಹಳೆಯ ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಪ್ರತಿಗಳಿದ್ದವು. ಮೂಲ ಕಲ್ಲು ಎಲ್ಲೆಲ್ಲೋ ಇದೆ. ಹಿಂದಿನ ಕಾಲದಲ್ಲಿ ಅದರ ಮೇಲೆ ಅಚ್ಚು ತೆಗೆದು, ಪ್ಲಾಸ್ಟರ್ ಹೊಯ್ದು, ವಿದ್ಯಾರ್ಥಿಗಳು ನೋಡಿ ಕಲಿಯಲಿ ಎಂದು ಊರೂರಿಗೆ ಕಳಿಸುತ್ತಿದ್ದರು. ಒಳಗೆ ಟೊಳ್ಳು, ಹೊರಗೆ ದೇವರು.

ನನಗೆ ಕೆಲಸ ಕೊಟ್ಟವನು ಲೆನ್. ಈಸ್ಟ್ ಹ್ಯಾಮಿನಲ್ಲೇ ಹುಟ್ಟಿ ಬೆಳೆದವನು, ಮೊದಲು ದೊಡ್ಡ ಮನೆಗಳ ಸೀಲಿಂಗಿಗೆ ಪ್ಲಾಸ್ಟರ್ ಹೂಬಳ್ಳಿ ಮಾಡುತ್ತಿದ್ದವನು. ಅವನ ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್. ಸಂದರ್ಶನದಲ್ಲಿ ಉಳಿದವರು ನನ್ನ ಸರ್ಟಿಫಿಕೇಟು ತಿರುವುತ್ತಿದ್ದಾಗ ಅವನು ಒಂದೇ ಪ್ರಶ್ನೆ ಕೇಳಿದ. "ಪ್ಲಾಸ್ಟರಿಗೆ ನೀರು ಹಾಕ್ತೀಯೋ, ನೀರಿಗೆ ಪ್ಲಾಸ್ಟರ್ ಹಾಕ್ತೀಯೋ?"

"ನೀರಿಗೆ ಪ್ಲಾಸ್ಟರ್. ಕೈಯಲ್ಲಿ ಉದುರಿಸುತ್ತಾ. ಅದು ತಾನಾಗಿ ಮುಳುಗುವವರೆಗೆ ಕದಡಬಾರದು" ಎಂದೆ.

"ಯಾರು ಕಲಿಸಿದ್ದು?"

"ನನ್ನ ಅಪ್ಪ."

ಅಪ್ಪ ಜೊಕಿಮ್, ಉಡುಪಿ ಕಡೆಯ ಶಿರ್ವದವರು. ಸುತ್ತಲಿನ ಇಗರ್ಜಿಗಳ ಸಂತರ ಪ್ರತಿಮೆಗಳನ್ನು ದುರಸ್ತಿ ಮಾಡಿ ಬಣ್ಣ ಹಚ್ಚುವುದು ಅವರ ಕಸುಬು. ಸಂತ ಅಂತೋನಿಯ ಬೆರಳು, ಮೇರಿ ಮಾತೆಯ ಮೂಗು, ದೇವದೂತರ ರೆಕ್ಕೆ ಎಲ್ಲ ನಮ್ಮ ಮನೆಯ ಜಗಲಿಗೆ ಬಂದೇ ಸರಿಯಾಗುತ್ತಿತ್ತು. ಪವಿತ್ರ ಪ್ರತಿಮೆಗೆ ತಮ್ಮ ಹೆಸರು ಹಾಕುವುದು ಅವರಿಗೆ ಸರಿಕಾಣುತ್ತಿರಲಿಲ್ಲ. ಹಾಗಾಗಿ ಅಷ್ಟೂ ಇಗರ್ಜಿಗಳಲ್ಲಿ ಅವರ ಕೈಯಿದೆ, ಎಲ್ಲಿಯೂ ಅವರ ಹೆಸರಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಎಡವಟ್ಟು ಮಾಡಿದೆ. ಹಬ್ಬಕ್ಕೆ ಮುಂಚೆ ನಮ್ಮಲ್ಲಿ ಪ್ರತಿಮೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ರೂಢಿ. ಅವಕ್ಕೆ ಎಣ್ಣೆ ಬಣ್ಣ ಹಚ್ಚಿರುತ್ತದೆ, ಏನೂ ಆಗುವುದಿಲ್ಲ. ಇಲ್ಲಿಯೂ ಒಬ್ಬ ಓಟಗಾರನ ಬೆನ್ನನ್ನು ಭಕ್ತಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಬರಿ ಪ್ಲಾಸ್ಟರ್ ನೀರು ಕುಡಿಯಿತು, ಹಳೆಯ ಲೇಪ ಕರಗಿತು, ಬೆನ್ನ ತುಂಬಾ ಹಳದಿ ಗೆರೆ ಇಳಿದವು. ಲೆನ್ ಬಂದು ನೋಡಿದ, ನನ್ನನ್ನು ನೋಡಿದ. "ಪರವಾಗಿಲ್ಲ, ಓಡಿ ಓಡಿ ಬೆವರಿದ್ದಾನೆ" ಎಂದ. ಆಮೇಲೆ ಒಣಗಿದ ಮೆತ್ತನೆಯ ಬ್ರಷ್ಷು ಹಿಡಿಯುವುದನ್ನು ಒಂದು ಇಡೀ ದಿನ ಕಲಿಸಿದ.

ಅವನು ಕಲಿಸಿದ ಇನ್ನೊಂದು ಮಾತು ಈ ಬರಹಕ್ಕೆಲ್ಲ ಮುಖ್ಯವಾದದ್ದು. ಏನೇ ದುರಸ್ತಿ ಮಾಡಿದರೂ ಆ ತುಂಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಯಾರು ಮಾಡಿದ್ದು, ಯಾವಾಗ, ಏನೇನು ಹೊಸದು ಎಂದು. ಶಾಯಿ ಹರಡುತ್ತದೆ, ಪೆನ್ಸಿಲ್ ಇರುತ್ತದೆ. "ಮುಂದಿನಿಂದ ಯಾರಿಗೂ ಗೊತ್ತಾಗಬಾರದು, ಹಿಂದಿನಿಂದ ಎಲ್ಲರಿಗೂ ಗೊತ್ತಾಗಬೇಕು" ಎನ್ನುತ್ತಿದ್ದ. ಅವನು ನಿವೃತ್ತನಾದ ದಿನ ಕಿವಿಯ ಮೇಲಿನ ಮೋಟು ಪೆನ್ಸಿಲನ್ನು ತೆಗೆದು ನನ್ನ ಜೇಬಿಗೆ ಹಾಕಿದ. ಒಂದು ಕೈಕುಲುಕಿ ಹೊರಟುಹೋದ. ನಾನು ಪಾಯಿಖಾನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ನಮ್ಮ ಮೇಲಧಿಕಾರಿ ಮಾರ್ಗರೆಟ್. ಈ ದೇಶದಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ನನ್ನ ನಾಲಗೆ ಕೊನೆಯವರೆಗೂ ಒಪ್ಪಲಿಲ್ಲ, ಮೇಡಂ ಎಂದೇ ಕರೆದೆ. ಅವರು ಮೊದಮೊದಲು ತಿದ್ದಿದರು, ಆಮೇಲೆ ಸೋತರು. ಕಟ್ಟುನಿಟ್ಟಿನವರು. ಕನ್ನಡಕದ ಮೇಲಿಂದ ನೋಡಿದರೆ ಅಮೃತಶಿಲೆಯೇ ನೆಟ್ಟಗೆ ನಿಲ್ಲಬೇಕು. ಆದರೆ ಧೂಳು ಹೊಡೆಯುವವನಿಗೂ ತಾನು ಹೊಡೆಯುತ್ತಿರುವುದು ಯಾರ ಧೂಳು ಎಂದು ಗೊತ್ತಿರಬೇಕು ಎನ್ನುವ ಹಟ ಅವರದು. ಪಾಠ ಮಾಡುವಾಗ ನನ್ನನ್ನೂ ಹಿಂದಿನ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು.

ಪ್ರತಿಮೆಗಳನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ನಿಲ್ಲಿಸಿದ್ದರು, ಆ ಸಾಲಿನ ಮೊದಲಿಗೆ ನಿಂತವರು ನಮ್ಮ ಹುಡುಗರು. ಪುಸ್ತಕದಲ್ಲಿ ಅವರನ್ನು ಕೂರೊಸ್ ಎನ್ನುತ್ತಾರೆ. ಗ್ರೀಕರು ದೊಡ್ಡ ಕಲ್ಲಿನಲ್ಲಿ ಆಳೆತ್ತರದ ಮನುಷ್ಯರನ್ನು ಕೆತ್ತಲು ಕಲಿತ ಹೊಸತರಲ್ಲಿ ಮಾಡಿದ ಬೆತ್ತಲೆ ಯುವಕರು ಇವರು. ದೇವರಿಗೆ ಹರಕೆಯಾಗಿ ಇಲ್ಲವೇ ಸತ್ತವರ ಗೋರಿಯ ಮೇಲೆ ನಿಲ್ಲಿಸುತ್ತಿದ್ದರು. ಎಲ್ಲರದೂ ಒಂದೇ ಠೀವಿ. ಎಡಗಾಲು ಮುಂದೆ, ಕೈಗಳು ತೊಡೆಗೆ ಅಂಟಿಕೊಂಡು, ಮುಷ್ಟಿ ಬಿಗಿ, ಕೂದಲು ಮಣಿ ಪೋಣಿಸಿದ ಹಾಗೆ. ಕಲ್ಲಿನ ನಾಲ್ಕು ಮುಖದ ಮೇಲೂ ಗೆರೆ ಎಳೆದು ನಾಲ್ಕು ಕಡೆಯಿಂದಲೂ ಒಳಗೆ ಕೊರೆಯುತ್ತಾ ಹೋದದ್ದರಿಂದ ಮನುಷ್ಯ ಹೊರಬಂದರೂ ಚೌಕಟ್ಟು ಬಿಟ್ಟುಹೋಗಿಲ್ಲ. ಆ ನಿಲುವನ್ನು ಈಜಿಪ್ಟಿನವರಿಂದ ಕಲಿತರು ಎಂದು ಮೇಡಂ ಹೇಳುತ್ತಿದ್ದರು. ಆದರೆ ಈಜಿಪ್ಟಿನವರು ಬೆನ್ನಿಗೆ ಆಸರೆಯ ಕಲ್ಲನ್ನೂ ಕಾಲುಗಳ ನಡುವಿನ ಕಲ್ಲನ್ನೂ ಹಾಗೇ ಬಿಡುತ್ತಿದ್ದರು. ಗ್ರೀಕರು ಅದನ್ನು ಕೆತ್ತಿ ತೆಗೆದು ಹುಡುಗನನ್ನು ಅವನ ಸ್ವಂತ ಕಾಲಿನ ಮೇಲೆ ನಿಲ್ಲಿಸಿದರು.

ಇದು ಪಾಠಕ್ಕಿಂತ ಮೊದಲು ನನ್ನ ಬೆನ್ನಿಗೆ ಗೊತ್ತಾಗಿತ್ತು. ಆಗ ನಾವು ಪ್ರತಿಮೆಗಳನ್ನು ಕಂಬಳಿ ಸುತ್ತಿ, ಹಗ್ಗ ಕಟ್ಟಿ, ಹೆಗಲು ಕೊಟ್ಟು ಸಾಗಿಸುತ್ತಿದ್ದೆವು. ಈ ಹಳೆಯ ಹುಡುಗರು ಸಾಗಿಸಲು ಸುಲಭ. ಭಾರ ಎರಡೂ ಕಾಲಿಗೆ ಸಮ, ಎಲ್ಲಿಟ್ಟರೂ ನಿಂತಿರುತ್ತಾರೆ. ಸಾಲಿನಲ್ಲಿ ಮುಂದೆ ಹೋದ ಹಾಗೆ ಶಿಲ್ಪಿಗಳ ಕೈ ಪಳಗುತ್ತದೆ. ಒಂದು ಕಾಲಿನ ಮೇಲೆ ಭಾರ ಬೀಳುತ್ತದೆ, ಇನ್ನೊಂದು ಮೊಣಕಾಲು ಸಡಿಲವಾಗುತ್ತದೆ, ಸೊಂಟ ವಾಲುತ್ತದೆ, ತಲೆ ಒಂದು ಕಡೆ ತಿರುಗುತ್ತದೆ. ನೋಡುವವರಿಗೆ ಕಲ್ಲಿನಲ್ಲಿ ಜೀವ ಬಂತು, ಹೊರುವವರಿಗೆ ಜೀವ ಹೋಯಿತು. ಕಂಚಿನಲ್ಲಿ ತಾನಾಗಿ ನಿಂತವನನ್ನೇ ಕಲ್ಲಿನಲ್ಲಿ ಕೆತ್ತಿದರೆ, ಬೀಳದ ಹಾಗೆ ಕಾಲ ಪಕ್ಕ ಒಂದು ಮರದ ಬೊಡ್ಡೆಯನ್ನೂ ಕೆತ್ತಬೇಕಾಗುತ್ತದೆ. ಆ ಬೊಡ್ಡೆಗಳಿಗೆ ಬಡಿದು ಊದಿಕೊಂಡ ನನ್ನ ಕಾಲ್ಬೆರಳು ಈಗಲೂ ಚಳಿಗಾಲದಲ್ಲಿ ನೋಯುತ್ತದೆ.

ಇನ್ನು ಆ ನಗು. ಹಳೆಯ ಹುಡುಗರೂ ಅವರ ಜೊತೆಯ ಸೀರೆಯಂಥ ಬಟ್ಟೆಯುಟ್ಟ ಹುಡುಗಿಯರೂ ಎಲ್ಲರೂ ನಗುತ್ತಾರೆ. ಗೋರಿಯ ಮೇಲಿನವನೂ ನಗುತ್ತಾನೆ. ತುಟಿಯ ಎರಡೂ ಮೂಲೆ ಮೇಲಕ್ಕೆದ್ದಿರುತ್ತವೆ. ಯಾಕೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಜೀವಂತ ಎಂದು ತೋರಿಸಲು ಎನ್ನುವವರಿದ್ದಾರೆ, ಬಾಯಿ ಕೆನ್ನೆಗೆ ಸೇರುವ ತಿರುವನ್ನು ಕೆತ್ತಲು ಬರುತ್ತಿರಲಿಲ್ಲ ಎನ್ನುವವರೂ ಇದ್ದಾರೆ. "ಅಷ್ಟು ಕಾಲ ನಿಲ್ಲಬೇಕಾದರೆ ನಗುತ್ತಾ ನಿಲ್ಲುವುದೇ ವಾಸಿ" ಎಂದು ಲೆನ್ ಹೇಳುತ್ತಿದ್ದ. ಮುಂದೆ ಒಂದು ಕಾಲದಲ್ಲಿ ಆ ನಗು ನಿಂತುಹೋಗುತ್ತದೆ. ಮುಖ ಗಂಭೀರವಾಗುತ್ತದೆ. ಅದು ಹೇಗೆ ನಿಂತಿತು, ಮೊದಲು ಯಾರ ಮುಖದಲ್ಲಿ ನಿಂತಿತು ಎನ್ನುವುದೇ ವಿದ್ವಾಂಸರ ದೊಡ್ಡ ಕುತೂಹಲ.

ಒಂದು ದಿನ ಮೇಡಂ ಪೀಠಗಳ ಮೇಲಿನ ಗ್ರೀಕ್ ಅಕ್ಷರಗಳನ್ನು ನನಗೆ ಓದಿ ಹೇಳಿದರು. ಆ ಕಾಲದ ಪ್ರತಿಮೆಗಳು ತಾವೇ ಮಾತಾಡುತ್ತವೆ. "ಇಂಥವನ ಮಗ ಇಂಥವನು ನನ್ನನ್ನು ಮಾಡಿದ" ಎಂದು ಕೆಲವು, "ನಾನು ಇಂಥವಳು" ಎಂದು ಕೆಲವು. ನನಗೆ ಅದು ಬಹಳ ಹಿಡಿಸಿತು. ಅಪ್ಪನ ನೆನಪಾಗಿ, ನಮ್ಮಲ್ಲಿ ಹೆಸರು ಹಾಕುವುದಿಲ್ಲ, ಬಣ್ಣ ಮಾತ್ರ ಹಾಕುತ್ತೇವೆ ಎಂದೆ. ಅವರ ಕಣ್ಣು ಅರಳಿತು. ಈ ಗ್ರೀಕ್ ಶಿಲ್ಪಗಳಿಗೂ ಬಣ್ಣವಿತ್ತು, ತುಟಿ ಕೆಂಪು, ಕೂದಲಿಗೆ ಬಣ್ಣ, ಬಟ್ಟೆಯ ಅಂಚಿಗೆ ಚಿತ್ತಾರ, ಮಣ್ಣಿನಲ್ಲಿ ಹೂತು ಅಳಿಸಿಹೋಗಿದೆ, ಇದನ್ನು ವಿದ್ಯಾರ್ಥಿಗಳಿಗೆ ನಂಬಿಸಲು ಎಷ್ಟು ಕಷ್ಟಪಡುತ್ತೇನೆ ಗೊತ್ತೇ ಎಂದರು. ಮುಂದಿನ ವಾರ ತರಗತಿಯ ಮುಂದೆ ನನ್ನನ್ನೇ ನಿಲ್ಲಿಸಿದರು. ನಮ್ಮ ಮನೆಯಲ್ಲಿ ಬಣ್ಣವಿಲ್ಲದ ಪ್ರತಿಮೆ ಎಂದರೆ ಅರ್ಧ ಮುಗಿದ ಕೆಲಸ, ಕಣ್ಣು ಕೊನೆಗೆ ಬರೆಯುವುದು, ಅಲ್ಲಿಯವರೆಗೆ ಅದರ ಮುಖಕ್ಕೆ ಬಟ್ಟೆ ಮುಚ್ಚಿಡುವುದು ಎಂದೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಮಕ್ಕಳು ಬರೆದುಕೊಂಡರು. ನಾನು ಹೇಳಿದ್ದನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಈಗ ತಪ್ಪಿನ ಕಥೆ.

ಲೆನ್ ನಿವೃತ್ತನಾದ ಮರುವರ್ಷ ಹಳೆಯ ಗೋದಾಮು ಖಾಲಿ ಮಾಡಿ ಎಲ್ಲವನ್ನೂ ನೆಲಮಾಳಿಗೆಗೆ ತರಬೇಕಾಯಿತು. ಎಷ್ಟೋ ಕಾಲದಿಂದ ಬಿಚ್ಚದ ಪೆಟ್ಟಿಗೆಗಳಿದ್ದವು. ಒಂದರಲ್ಲಿ ಹುಲ್ಲಿನ ನಡುವೆ ಒಬ್ಬ ಹುಡುಗಿ ಮಲಗಿದ್ದಳು. ಹೆಗಲ ಮೇಲೆ ಜಡೆಗಳು, ಒಂದು ಕೈಯಲ್ಲಿ ದಾಳಿಂಬೆ. ಆಗ ಬದುಕಿದ್ದವರು ಯಾರೂ ಅವಳನ್ನು ನೋಡಿರಲಿಲ್ಲ. ಮೇಡಂ ಒಂದು ವಾರ ಗ್ರೀಸಿಗೆ ಹೋಗಿದ್ದರು. ನಾನು ಅವಳ ಮುಖವನ್ನು ಒಮ್ಮೆ ನೋಡಿ, ಟ್ರಾಲಿಗೆ ಹತ್ತಿಸಿ, ಲಿಫ್ಟಿಗೆ ತಳ್ಳಿದೆ. ಹಗ್ಗವನ್ನು ಇನ್ನೊಂದು ಸುತ್ತು ಹಾಕಬೇಕಿತ್ತು. ಹಾಕಲಿಲ್ಲ. ಲಿಫ್ಟು ಜಗ್ಗಿ ನಿಂತಿತು, ಹುಡುಗಿ ಮುಂದಕ್ಕೆ ವಾಲಿದಳು, ಮುಖ ಕಬ್ಬಿಣದ ಜಾಲರಿಗೆ ಬಡಿಯಿತು. ಮೂಗಿನ ಕೆಳಗಿನಿಂದ ಗದ್ದದ ಮೇಲಿನವರೆಗೆ ಪುಡಿಪುಡಿ.

ನಾನು ಆಗಿನ್ನೂ ತಾತ್ಕಾಲಿಕ ನೌಕರ. ಆ ತಿಂಗಳ ಕೊನೆಗೆ ಕಾಯಂ ಆಗುವುದಿತ್ತು. ನನ್ನ ವೀಸಾ ಆ ಕೆಲಸದ ಮೇಲೆ ನಿಂತಿತ್ತು, ನನ್ನ ಹೆಂಡತಿ ಐರಿನ್ ಏಳು ತಿಂಗಳ ಬಸುರಿ. ಇದನ್ನು ಕಾರಣ ಎಂದು ಹೇಳುತ್ತಿದ್ದೇನೆ, ಸಮರ್ಥನೆ ಎಂದಲ್ಲ. ಚೂರುಗಳನ್ನು ಗುಡಿಸಿ ಕಸಕ್ಕೆ ಹಾಕಿದೆ. ಪ್ರತಿ ಚೂರನ್ನೂ ಎತ್ತಿಡಬೇಕು ಎಂದು ಲೆನ್ ಹೇಳಿಕೊಟ್ಟದ್ದು ಕಿವಿಯಲ್ಲಿ ಕೇಳುತ್ತಲೇ ಇತ್ತು. ಪ್ರತಿಮೆಯನ್ನು ತುಂಡು ತುಂಡಾಗಿ ಹೊಯ್ದು ಕೂಡಿಸಿದ್ದರಿಂದ ತಲೆ ಕತ್ತಿನಿಂದ ಬೇರೆಯಾಗಿ ಬರುತ್ತಿತ್ತು. ಇಳಿಸಿ ಮೇಜಿನ ಮೇಲಿಟ್ಟು ಹೊಸ ಬಾಯಿ ಮಾಡಲು ಕೂತೆ. ಉಳಿದ ಹುಡುಗರ ನಗುವನ್ನೇ ನೋಡಿ ಮಾಡೋಣ ಎಂದುಕೊಂಡೆ. ಆದರೆ ಪ್ಲಾಸ್ಟರ್ ಗಟ್ಟಿಯಾಗಲು ಕೆಲವೇ ನಿಮಿಷ, ಅಷ್ಟರಲ್ಲಿ ಕೈ ತನಗೆ ಗೊತ್ತಿದ್ದನ್ನೇ ಮಾಡುತ್ತದೆ. ಮೂಲೆ ಮೊದಲು, ನಡು ಆಮೇಲೆ ಎಂದು ಅಪ್ಪ ಕಲಿಸಿದ ಹಾಗೆ ನನ್ನ ಬೆರಳು ನಡೆಯಿತು. ಮುಚ್ಚಿದ ತುಟಿ, ಮೂಲೆ ಮೇಲೇಳದೆ ಸ್ವಲ್ಪ ಒಳಗೆ ಒತ್ತಿಕೊಂಡಿತ್ತು. ಏನೋ ಹೇಳಹೊರಟು ಬೇಡ ಎಂದು ಸುಮ್ಮನಾದವರ ಬಾಯಿ. ತಪ್ಪಾಯಿತು ಎಂದು ಗೊತ್ತಾಯಿತು. ಒಡೆದು ಮತ್ತೆ ಮಾಡಲು ಧೈರ್ಯ ಬರಲಿಲ್ಲ. ಚಹಾದ ನೀರು ಹಚ್ಚಿ ಹಳೆಯ ಬಣ್ಣ ತಂದೆ. ಹಿಂಬದಿಯಲ್ಲಿ ಬರೆಯಲು ಲೆನ್‌ನ ಪೆನ್ಸಿಲ್ ತೆಗೆದೆ, ಮತ್ತೆ ಜೇಬಿಗೆ ಹಾಕಿಕೊಂಡೆ. ಬರೆದರೆ ಸಿಕ್ಕಿಬೀಳುತ್ತಿದ್ದೆ.

ಮೇಡಂ ಬಂದು ಅವಳ ಮುಂದೆ ನಿಂತರು. "ಸಿರಿಲ್, ಎಂಥ ಬಾಯಿ!" ಎಂದರು. ಅವಳನ್ನು ಸಾಲಿನ ನಟ್ಟನಡುವೆ, ನಗುವವರಿಗೂ ನಗದವರಿಗೂ ಮಧ್ಯೆ ನಿಲ್ಲಿಸಿದರು. ಅಂದಿನಿಂದ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಅವಳನ್ನು ತೋರಿಸಿ, "ಇಲ್ಲಿ ನೋಡಿ, ನಗು ಯೋಚನೆಗೆ ಬಿದ್ದಿದೆ" ಎನ್ನುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ನಿಂತು ನೆಲ ನೋಡುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ಮನೆಯವರೆಲ್ಲ ಬರಬಹುದಾದ ಒಂದು ದಿನ ಐರಿನ್ ನಾವಿದ್ದ ಹೇಸ್ ಎಂಬ ಊರಿನಿಂದ ಮಗಳನ್ನು ಕರೆದುಕೊಂಡು ಬಂದಳು. ಸಾಲಿನ ಉದ್ದಕ್ಕೂ ನಡೆದು ಆ ಹುಡುಗಿಯ ಮುಂದೆ ಗಕ್ಕನೆ ನಿಂತಳು. ನಾವು ಮನೆಯಲ್ಲಿ ಆಡುವುದು ಕೊಂಕಣಿ, ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. "ಇದೆಂತ, ಇವಳಿಗೆ ಅತ್ತೆಯ ಬಾಯಿ ಉಂಟಲ್ಲ!"

ಆಗ ನನಗೆ ಹೊಳೆಯಿತು. ಅಪ್ಪ ಮೇರಿ ಮಾತೆಯ ಬಾಯಿ ತಿದ್ದುವಾಗಲೆಲ್ಲ ಅಡುಗೆಮನೆಯ ಬಾಗಿಲಿಗೆ ಕಣ್ಣು ಹಾಕುತ್ತಿದ್ದರು. ಅಲ್ಲಿ ನನ್ನ ಮಾಂಯ್, ಅಂದರೆ ಅಮ್ಮ, ಒಲೆಯ ಮುಂದೆ ಕೂತಿರುತ್ತಿದ್ದಳು. ಅವಳ ಹೆಸರು ಕಾರ್ಮಿನ್. ಅಪ್ಪ ಮಾಡಿದ ಮಾತೆಯರೆಲ್ಲರ ಬಾಯಿ ಅವಳದೇ. ನಾನು ಕಲಿತದ್ದೂ ಅದೊಂದೇ ಬಾಯಿ. ಮಾಂಯ್ ತೀರಿಹೋಗಿ ಆಗ ಎರಡು ವರ್ಷವಾಗಿತ್ತು, ಮಣ್ಣಿಗೆ ಹೋಗಲು ನನಗೆ ಆಗಿರಲಿಲ್ಲ. ಅಂದಿನಿಂದ ಬೆಳಿಗ್ಗೆ ದೀಪ ಹಾಕಿದ ಕೂಡಲೇ ಮೊದಲು ಆ ಹುಡುಗಿಯ ಧೂಳು ತೆಗೆಯುತ್ತಿದ್ದೆ. ತಪ್ಪು ಎನ್ನುವುದು ಮರೆತೇಹೋಯಿತು ಎಂದರೂ ಆದೀತು. ಮಾಂಯ್ ದಿನಾ ನೋಡಲು ಸಿಗುತ್ತಿದ್ದಳು, ಅಷ್ಟೇ ನನಗೆ ಬೇಕಿದ್ದದ್ದು.

ಕಾಲ ಬದಲಾಯಿತು. ಹಗ್ಗ ಕಂಬಳಿ ಹೋಗಿ ಹೈಡ್ರಾಲಿಕ್ ಟ್ರಾಲಿ ಬಂತು. ಪ್ರತಿಮೆಯ ಒಂದು ಕೈ ಮುಟ್ಟಬೇಕಾದರೆ ಮೂರು ಫಾರಂ ತುಂಬಬೇಕಾಯಿತು. ನಾನು ಮೊದಲು ಗೊಣಗಿದೆ, ಆಮೇಲೆ ಆ ಫಾರಂ ಅಂದು ಇದ್ದಿದ್ದರೆ ಹಗ್ಗದ ಇನ್ನೊಂದು ಸುತ್ತು ಹಾಕುತ್ತಿದ್ದೆ ಎಂದು ಸುಮ್ಮನಾದೆ. ಅಚ್ಚು ತೆಗೆಯುವ ಬದಲು ಬೆಳಕು ಬಿಟ್ಟು ಅಳತೆ ತೆಗೆಯುವ ಸ್ಕ್ಯಾನರ್ ಬಂತು. ಎಲಿಜಬೆತ್ ಲೈನ್ ಎಂಬ ಹೊಸ ರೈಲು ಬಂದ ಮೇಲೆ ಹೇಸಿನಿಂದ ಕೆಲಸಕ್ಕೆ ಬರುವುದು ಎಷ್ಟು ಬೇಗವಾಯಿತೆಂದರೆ ರೈಲಿನಲ್ಲಿ ಜಪಮಾಲೆ ಪೂರ್ತಿಯಾಗುತ್ತಿರಲಿಲ್ಲ.

ನಿವೃತ್ತಿಗೆ ಒಂದು ವರ್ಷವಿದ್ದಾಗ ಸ್ಕ್ಯಾನರ್ ಹಿಡಿದು ಬಂದವಳು ಮೇಘನಾ. ಬೆಂಗಳೂರಿನಿಂದ ಹತ್ತು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಲಂಡನ್ನಿನ ಅಕ್ಸ್‌ಬ್ರಿಡ್ಜಿಗೆ ಬಂದವಳು. ಈಗ ಪಿಎಚ್.ಡಿ. ಮಾಡುತ್ತಿದ್ದಳು. ನನ್ನ ಇಂಗ್ಲಿಷ್ ಕೇಳಿದ ಕೂಡಲೇ, "ನೀವು ಕನ್ನಡದವ್ರಾ ಅಂಕಲ್?" ಎಂದಳು. ಆಮೇಲೆ ದಿನಾ ಮಧ್ಯಾಹ್ನ ನನ್ನ ಊಟದ ಡಬ್ಬಿಯಲ್ಲಿ ಅವಳಿಗೂ ಪಾಲು. ಅವಳು ಬರೆಯುತ್ತಿದ್ದದ್ದು ಆ ನಗು ನಿಂತುಹೋದದ್ದರ ಬಗ್ಗೆಯೇ.

"ಅಂಕಲ್, ಇವಳೇ ನನ್ನ ಇಡೀ ಥೀಸಿಸ್" ಎಂದಳು ಒಂದು ದಿನ, ನನ್ನ ಹುಡುಗಿಯನ್ನು ತೋರಿಸಿ. "ಗ್ರೀಸಲ್ಲಿರೋ ಒರಿಜಿನಲ್ ಕಲ್ಲಿದೆಯಲ್ಲ, ಅದರ ಬಾಯಿ ಯಾವಾಗ್ಲೋ ಒಡೆದುಹೋಗಿದೆ. ಅದಕ್ಕೆ ಮುಂಚೆ ತೆಗೆದ ಅಚ್ಚು ಇದು. ಅಂದ್ರೆ ಈ ಬಾಯಿ ಪ್ರಪಂಚದಲ್ಲಿ ಇಲ್ಲಿ ಮಾತ್ರ ಇರೋದು. ಕಾಲ ನೋಡಿದ್ರೆ ಹಳೇದು, ನಗು ಮಾತ್ರ ಇಲ್ಲ. ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದೋಳು ಇವಳು!"

ನಾನು ಡಬ್ಬಿಯ ಮುಚ್ಚಳ ಹಾಕಿದೆ. "ಪ್ಲಾಸ್ಟರನ್ನು ಅಷ್ಟು ನಂಬಬಾರ್ದು ಮಾರಾಯ್ತಿ" ಎಂದೆ.

"ಅಯ್ಯೋ, ಮನುಷ್ಯರು ಸುಳ್ಳು ಹೇಳಬಹುದು ಅಂಕಲ್, ಅಚ್ಚು ಹೇಳಲ್ಲ" ಎಂದು ನಕ್ಕಳು.

ಆ ಸಂಜೆ ಐರಿನ್‌ಗೆ ಎಲ್ಲ ಹೇಳಿದೆ. ಹದಿನೆಂಟು ವರ್ಷ ಅವಳಿಗೂ ಹೇಳಿರಲಿಲ್ಲ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಅವಳ ಪುಸ್ತಕದಲ್ಲಿ ನಮ್ಮ ಅತ್ತೆ ಗ್ರೀಕರಾಗಿ ಹೋಗ್ತಾರೆ" ಎಂದು ಮೊದಲು ನಕ್ಕಳು. ಆಮೇಲೆ ಕೇಳಿದಳು. "ಹೇಳಿದರೆ ಕೆಲಸದಿಂದ ತೆಗೀತಾರಾ?"

"ಈಗ ತೆಗೆಯುವುದಿಲ್ಲ ಕಾಣ್ತದೆ. ಬಾಯಿ ತೆಗೀತಾರೆ."

ಅವಳು ನನ್ನ ಮುಖ ನೋಡಿದಳು. ಆ ಬಾಯಿ ನನಗೆ ಏನೆಂದು ಅವಳಿಗೆ ಗೊತ್ತಿತ್ತು. "ಮಾಂಯ್ ಇದ್ದಿದ್ದರೆ ಎಂತ ಹೇಳ್ತಿದ್ದರು?" ಎಂದಳು. ಏನೂ ಹೇಳುತ್ತಿರಲಿಲ್ಲ, ಆ ಬಾಯಿ ಹಾಗೆಯೇ ಒತ್ತಿಕೊಂಡು ನನ್ನನ್ನು ನೋಡುತ್ತಿದ್ದಳು. ಅದು ನನಗೆ ಸಾಕಾಯಿತು.

ಮರುದಿನ ಮೇಡಂ ಮತ್ತು ಮೇಘನಾ ಇಬ್ಬರನ್ನೂ ಕರೆದೆ. ಮಾತು ಬರುತ್ತದೋ ಇಲ್ಲವೋ ಎಂದು ಮೊದಲೇ ತಲೆಯನ್ನು ಕತ್ತಿನಿಂದ ಇಳಿಸಿ ಮೇಜಿನ ಮೇಲೆ ಮಗುಚಿಟ್ಟಿದ್ದೆ. ಟಾರ್ಚು ಹಾಕಿ ಟೊಳ್ಳಿನ ಒಳಗೆ ತೋರಿಸಿದೆ. ಸುತ್ತಲೂ ಹಳೆಯ ಕಂದು ಪ್ಲಾಸ್ಟರ್, ಬಾಯಿಯ ಹಿಂಬದಿ ಮಾತ್ರ ಬೆಳ್ಳಗೆ, ಒಂದಕ್ಷರವೂ ಇಲ್ಲದೆ ಖಾಲಿ.

"ಇದು ನಾನು ಮಾಡಿದ್ದು. ಒಡೆದದ್ದೂ ನಾನೇ" ಎಂದೆ.

ಮೇಡಂ ಬಹಳ ಹೊತ್ತು ಒಳಗೆ ನೋಡಿದರು. "ಎಷ್ಟು ಕಾಲವಾಯಿತು?"

"ಹದಿನೆಂಟು ವರ್ಷ, ಮೇಡಂ."

"ಹದಿನೆಂಟು ತರಗತಿ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. "ಒಡೆಯುವುದು ನಮ್ಮ ಕೆಲಸದಲ್ಲಿ ಇದ್ದದ್ದೇ. ನಾನೂ ಒಡೆದಿದ್ದೇನೆ. ಆದರೆ ನೀವು ಬರೆಯಲಿಲ್ಲ, ಸಿರಿಲ್. ಲೆನ್ ಹತ್ತಿರ ಕಲಿತ ನೀವು ಬರೆಯಲಿಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇಘನಾಳ ಕಣ್ಣು ತುಂಬಿತ್ತು. ಸ್ಕ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಎರಡು ವಾರ ಬರಲಿಲ್ಲ. ಅಭ್ಯಾಸಬಲದಿಂದ ನಾನು ದಿನಾ ಎರಡು ಚಮಚ ಒಯ್ಯುತ್ತಿದ್ದೆ.

ಮೂರನೆಯ ವಾರ ಬಂದಳು. ಮುಖ ಇನ್ನೂ ಬಿಗಿಯಾಗಿತ್ತು. ಅದೇ ಅಚ್ಚಿನಿಂದ ತೆಗೆದ, ಅದುವರೆಗೆ ಯಾರೂ ಗಮನಿಸದ ಇನ್ನೊಂದು ಪ್ರತಿ ಉತ್ತರದ ಒಂದು ಊರಿನಲ್ಲಿದೆ ಎಂದು ಹುಡುಕಿ, ಹೋಗಿ ಸ್ಕ್ಯಾನ್ ಮಾಡಿಕೊಂಡು ಬಂದಿದ್ದಳು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ತೆರೆಯ ಮೇಲೆ ನನ್ನ ಹುಡುಗಿ, ಎರಡೂ ಮೂಲೆ ಮೇಲಕ್ಕೆತ್ತಿ, ಉಳಿದೆಲ್ಲರ ಹಾಗೆ ಹಾಯಾಗಿ ನಗುತ್ತಿದ್ದಳು.

"ಎಲ್ಲರ ಥರಾನೇ" ಎಂದಳು ಮೇಘನಾ. "ಒಂದು ಚಾಪ್ಟರ್ ಪೂರ್ತಿ ಹೋಯ್ತು ಅಂಕಲ್. ಆರು ತಿಂಗಳು ಎಕ್ಸ್ಟ್ರಾ ಕೇಳ್ಕೊಂಡಿದ್ದೀನಿ."

"ನನ್ನಿಂದ ಆಯ್ತು. ಎಂತ ಹೇಳುದೂಂತ ಗೊತ್ತಾಗುದಿಲ್ಲ" ಎಂದೆ.

"ಪ್ರಿಂಟ್ ಆದ್ಮೇಲೆ ಗೊತ್ತಾಗಿದ್ರೆ ಏನ್ ಮಾಡ್ತಿದ್ದೆ ನಾನು?" ಎಂದಳು. ಲ್ಯಾಪ್‌ಟಾಪ್ ಮುಚ್ಚಿ, "ಡಬ್ಬೀಲಿ ಏನಿದೆ?" ಎಂದು ಕೇಳಿದಳು. ಎರಡನೆಯ ಚಮಚ ತೆಗೆದುಕೊಟ್ಟೆ.

ನಾನು ಮಾಡಿದ ಕೊನೆಯ ಕೆಲಸ ಆ ಬಾಯಿಯನ್ನು ತೆಗೆದದ್ದು. ಬೇರೆಯವರು ಮಾಡಲಿ ಎಂದರು, ನಾನೇ ಮಾಡುತ್ತೇನೆ ಎಂದೆ. ಸಣ್ಣ ಗರಗಸದಿಂದ ಅಂಚಿನುದ್ದಕ್ಕೂ ಬಿಡಿಸಲು ಒಂದು ದಿನ ಪೂರ್ತಿ ಹಿಡಿಯಿತು. ಅಂಗೈಯಗಲದ ತುಂಡು ಇಡಿಯಾಗಿ ಬಂತು. ಮೇಘನಾ ತಂದ ಸ್ಕ್ಯಾನಿನಿಂದ ಮಾಡಿದ ಹೊಸ ಬಾಯಿಯನ್ನು ಕೂರಿಸಿದೆ, ಅದರ ಹಿಂಬದಿಯಲ್ಲಿ ಮೊದಲು ಬರೆದೆ. ಹುಡುಗಿ ಸಾಲಿನಲ್ಲಿ ಹಿಂದಕ್ಕೆ, ನಗುವವರ ನಡುವೆ ಹೋಗಿ ನಿಂತಳು. ನೋಡಲು ಚೆನ್ನಾಗಿಯೇ ಇದ್ದಳು. ನನಗೆ ಮಾತ್ರ ಅಪರಿಚಿತಳಾಗಿದ್ದಳು.

ತೆಗೆದ ತುಂಡನ್ನು ಮೇಡಂ ಹತ್ತಿಯ ಮೇಲಿಟ್ಟರು. ಮನೆಗೆ ಕೊಡುತ್ತಾರೇನೋ ಎಂದು ಆಸೆಯಿತ್ತು. "ಇದು ಸಂಗ್ರಹದ ವಸ್ತು. ನಂಬರು ಹಾಕಿ ಡ್ರಾಯರಿನಲ್ಲಿ ಇಡುತ್ತೇನೆ" ಎಂದರು. ಆಮೇಲೆ ತುಂಡನ್ನು ಮಗುಚಿ ನನ್ನ ಕಡೆ ಸರಿಸಿದರು. "ಲೆನ್‌ನ ಪೆನ್ಸಿಲ್ ಇದೆಯೇ? ಈಗ ಬರೆಯಿರಿ."

ಯುವಮಿತ್ರರೇ, ನಿಮಗೆ ಈ ಕೆಲಸದ ಬಗ್ಗೆ ನಾನು ಕೊಡಬಹುದಾದ ಬುದ್ಧಿಮಾತು ಅದೊಂದೇ. ಕೈ ನಡುಗಿದರೂ ಅಂದೇ ಬರೆದುಬಿಡಿ. ಹದಿನೆಂಟು ವರ್ಷ ಬಿಟ್ಟು ಬರೆಯುವಾಗ ಕೈ ಇನ್ನೂ ಹೆಚ್ಚು ನಡುಗುತ್ತದೆ.

ಮೋಟು ಪೆನ್ಸಿಲನ್ನು ಬೆರಳ ತುದಿಯಲ್ಲಿ ಹಿಡಿದು ದಿನಾಂಕ ಹಾಕಿದೆ, ಏನೇನು ಒಡೆದಿತ್ತು ಎಂದು ಇಂಗ್ಲಿಷಿನಲ್ಲಿ ಬರೆದೆ. ಅದರ ಕೆಳಗೆ ಪೀಠಗಳಲ್ಲಿ ಇರುವ ಹಾಗೆ ಒಂದು ಸಾಲನ್ನು ಕನ್ನಡದಲ್ಲಿ ಬರೆದೆ. ಏನೆಂದು ಮೇಡಂ ಕೇಳಿದರು. ಮೇಘನಾ ಬಗ್ಗಿ, ಅಕ್ಷರ ಅಕ್ಷರ ಕೂಡಿಸಿ, ಎರಡನೆಯ ತರಗತಿಯ ಮಗುವಿನ ಹಾಗೆ ಓದಿದಳು.

"ಶಿರ್ವದ ಜೊಕಿಮನ ಮಗ ಸಿರಿಲ್ ನನ್ನನ್ನು ಮಾಡಿದ."

ಅಪ್ಪನ ಹೆಸರು ಒಂದು ಪ್ರತಿಮೆಯ ಮೇಲೆ ಬಂದದ್ದು ಅದೇ ಮೊದಲು. ಮೇಘನಾ ಮೇಡಂಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿ ಮುಗಿಸಿ ನನ್ನ ಕಡೆ ತಿರುಗಿದಳು.

"ಅಂಕಲ್, ಮಾಡಿದೋರ ಹೆಸರು ಬಂತು. ಇವಳು ಯಾರು ಅಂತ ಬರೀಲೇ ಇಲ್ವಲ್ಲ?"

ಪೆನ್ಸಿಲನ್ನು ಮತ್ತೆ ಎತ್ತಿಕೊಂಡೆ. ಕೆಳಗೆ ಉಳಿದಿದ್ದ ಬಿಳಿಯ ಜಾಗದಲ್ಲಿ ಬರೆದೆ.

"ನಾನು ಕಾರ್ಮಿನ್."